ಹೈಟಿಯಿಂದ ಕ್ಯೂಬಾಗೆ ದಾಟಿದವರು ಯಾರು, ಅವರ ಜೊತೆ ಬಂದದ್ದೇನು?

ಓದುಗರ ಪ್ರಶ್ನೆ: ಹೈಟಿಯಲ್ಲಿ ಗುಲಾಮರು ದಂಗೆಯೆದ್ದು ಗೆದ್ದ ಮೇಲೆ ಅಲ್ಲಿಂದ ಓಡಿಬಂದವರು ಪಕ್ಕದ ಕ್ಯೂಬಾದ ಸಂಗೀತ, ಕುಣಿತ, ಕಾಫಿ ಬೆಳೆ ಎಲ್ಲವನ್ನೂ ಬದಲಾಯಿಸಿದರು ಎಂದು ಓದಿದೆ. ಆದರೆ ಗುಲಾಮರು ಗೆದ್ದಾಗ ಓಡಿದವರು ಮಾಲೀಕರಲ್ಲವೇ? ಅವರ ಜೊತೆ ಆಫ್ರಿಕದವರ ಹಾಡು, ಮದ್ದಳೆ ಹೇಗೆ ಬಂತು? ಈಗ ಅದರಲ್ಲಿ ಏನು ಉಳಿದಿದೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅದನ್ನು ಬಿಡಿಸಿದರೆ ಉಳಿದದ್ದೂ ಬಿಚ್ಚಿಕೊಳ್ಳುತ್ತದೆ. ಕ್ಯೂಬಾಗೆ ದಾಟಿದವರೆಲ್ಲ ಮಾಲೀಕರಲ್ಲ. ಬಿಳಿಯ ತೋಟದ ಒಡೆಯರು, ವ್ಯಾಪಾರಿಗಳು, ಕಸುಬುದಾರರು ಒಂದು ಪಾಲು. ಗುಲಾಮಗಿರಿಯಿಂದ ಎಂದೋ ಹೊರಬಂದು ಸ್ವಂತ ಆಸ್ತಿ ಮಾಡಿಕೊಂಡಿದ್ದ ಮಿಶ್ರವರ್ಣೀಯರು ಮತ್ತು ಕಪ್ಪುಜನ ಇನ್ನೊಂದು ಪಾಲು. ಈ ಎರಡೂ ಗುಂಪಿನವರು ಹಡಗು ಹತ್ತುವಾಗ ತಮ್ಮ ಜೊತೆ ಎಳೆದುಕೊಂಡು ಬಂದ ಆಳುಗಳು ಮೂರನೆಯ ಪಾಲು. ಈ ಮೂರನೆಯವರು ಕ್ರಾಂತಿಗೆ ಹೆದರಿ ಓಡಿದವರಲ್ಲ, ಅವರನ್ನು ಹೊತ್ತು ತಂದದ್ದು. ಎರಡು ಶತಮಾನ ಬಾಳಿಕೆ ಬಂದ ಕೊಡುಗೆ ಹೆಚ್ಚಾಗಿ ಅವರದ್ದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಒಡೆಯರು ಕಟ್ಟಿದ ಕಾಫಿ ತೋಟಗಳಲ್ಲಿ ಹೆಚ್ಚಿನವು ಇಂದು ಕಾಡಿನೊಳಗಿನ ಕಲ್ಲುಗೋಡೆ. ಆಳುಗಳ ಮದ್ದಳೆಯನ್ನು ಇಂದಿಗೂ ಬಾರಿಸುವವರಿದ್ದಾರೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹಿಸ್ಪಾನಿಯೋಲ ದ್ವೀಪದ ಪಶ್ಚಿಮದ ಮೂರನೇ ಒಂದು ಭಾಗ ಫ್ರಾನ್ಸಿನ ವಸಾಹತು, ಹೆಸರು ಸಾಂ ದೊಮಾಂಗ್. ಇಂದಿನ ಹೈಟಿ ಇದೇ. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರು, 30,000 ಆಸುಪಾಸಿನ ಬಿಳಿಯರು, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಸ್ವತಂತ್ರ ಮಿಶ್ರವರ್ಣೀಯರು. ಜಗತ್ತಿನ ಕಾಫಿಯಲ್ಲಿ ಸುಮಾರು ಅರ್ಧ ಈ ಒಂದೇ ವಸಾಹತಿನಿಂದ ಹೊರಡುತ್ತಿತ್ತು. 1791ರ ಆಗಸ್ಟ್‌ನಲ್ಲಿ ಉತ್ತರದ ಕಬ್ಬಿನ ಬಯಲಿನಲ್ಲಿ ದಂಗೆ ಹೊತ್ತಿಕೊಂಡಿತು. 1793ರ ಆಗಸ್ಟ್‌ನಲ್ಲಿ ಅಲ್ಲಿನ ಫ್ರೆಂಚ್ ಅಧಿಕಾರಿ ಸೊಂತೊನಾ ಗುಲಾಮಗಿರಿಯನ್ನು ರದ್ದು ಮಾಡಿದ; 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆ ಎಲ್ಲ ಫ್ರೆಂಚ್ ವಸಾಹತುಗಳಿಗೂ ಅದನ್ನೇ ಶಾಸನ ಮಾಡಿತು. 1802ರಲ್ಲಿ ನೆಪೋಲಿಯನ್ ಸೈನ್ಯ ಕಳಿಸಿದ. ಕಪ್ಪುಜನರ ನಾಯಕ ತೂಸ್ಸಾಂ ಲೂವೆರ್ತೂರನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಸಾಗಿಸಿದರು, 1803ರ ಏಪ್ರಿಲ್‌ನಲ್ಲಿ ಆತ ಅಲ್ಲಿನ ಸೆರೆಯಲ್ಲೇ ಸತ್ತ. ಅದೇ ವರ್ಷ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಫ್ರೆಂಚರು ಸೋತರು. 1804ರ ಜನವರಿ 1ರಂದು, ತೂಸ್ಸಾಂನ ನಂತರ ನಾಯಕನಾದ ದೆಸ್ಸಲೀನ್ ಹೈಟಿಯ ಸ್ವಾತಂತ್ರ್ಯ ಸಾರಿದ.

ಜನ ಒಂದೇ ಸಲಕ್ಕೆ ಓಡಲಿಲ್ಲ ಎಂಬುದನ್ನು ಗಮನಿಸಬೇಕು. 1793ರ ಜೂನ್‌ನಲ್ಲಿ ಕಾಪ್ ಫ್ರಾನ್ಸೇ ಪಟ್ಟಣ ಸುಟ್ಟಾಗ ಹೊರಟವರಲ್ಲಿ ಬಹುಪಾಲು ಅಮೆರಿಕದ ಬಂದರುಗಳಿಗೆ ಹೋದರು. ಕ್ಯೂಬಾಗೆ ದೊಡ್ಡ ಪ್ರವಾಹ ಬಂದದ್ದು ಹತ್ತು ವರ್ಷ ತಡವಾಗಿ, 1803ರಲ್ಲಿ. ಫ್ರೆಂಚ್ ಸೈನ್ಯ ಕೈಚೆಲ್ಲಿ ದಕ್ಷಿಣ ಮತ್ತು ಪಶ್ಚಿಮದ ಬಂದರುಗಳನ್ನು ಬಿಟ್ಟಾಗ, ಸಿಕ್ಕ ಹಡಗು, ಸಿಕ್ಕ ದೋಣಿ ಹತ್ತಿ ಜನ ಹೊರಟರು. ಎರಡು ದ್ವೀಪಗಳ ನಡುವಿನ ಜಲಸಂಧಿ ಸುಮಾರು 80 ಕಿಲೋಮೀಟರ್ ಅಗಲ. ಆಚೆ ದಡದ ದೊಡ್ಡ ಪಟ್ಟಣ ಸಾಂತಿಯಾಗೊ ದೆ ಕ್ಯೂಬಾ, ದ್ವೀಪದ ಪೂರ್ವ ತುದಿಯಲ್ಲಿ. ಹವಾನಾಗೆ ಅಲ್ಲಿಂದ ಬಲು ದೂರ. ಒಟ್ಟು ದಾಟಿದವರ ಸಂಖ್ಯೆ 18,000ದಿಂದ 30,000ದವರೆಗೆ ಎಂಬ ಅಂದಾಜುಗಳಿವೆ. ಈ ಭೂಗೋಳವನ್ನು ನೆನಪಿನಲ್ಲಿಟ್ಟುಕೊಂಡರೆ ಫ್ರೆಂಚ್ ಛಾಪು ಕ್ಯೂಬಾದ ಪೂರ್ವದಲ್ಲೇ ಏಕೆ ಗಾಢವಾಗಿದೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಸಾಂತಿಯಾಗೊದ ಗವರ್ನರ್ ಸೆಬಾಸ್ತಿಯಾನ್ ಕಿಂದೆಲಾನ್‌ಗೆ ಇಕ್ಕಟ್ಟು. ಬಿಳಿಯರನ್ನು ವಾಪಸ್ ಅಟ್ಟುವಂತಿಲ್ಲ. ಕ್ರಾಂತಿಯನ್ನು ಕಣ್ಣಾರೆ ಕಂಡ ಕಪ್ಪು ಗಂಡಸರನ್ನು ಇಳಿಸಿಕೊಳ್ಳಲು ಆಗ ಕ್ಯೂಬಾವನ್ನು ಆಳುತ್ತಿದ್ದ ಸ್ಪೇನಿನ ಆಡಳಿತಕ್ಕೆ ಭಯ. ವಯಸ್ಸಿಗೆ ಬಂದ ಕಪ್ಪು ಗಂಡಸರು ನೆಲಕ್ಕೆ ಕಾಲಿಡಬಾರದು, ಹೆಂಗಸರು, ಮಕ್ಕಳು, ‘ನಂಬಿಗಸ್ತ’ ಮನೆಯಾಳುಗಳು ಇಳಿಯಬಹುದು ಎಂಬ ಧಾಟಿಯ ಆದೇಶಗಳು ಹೊರಟವು. ಕದ್ದು ಇಳಿಸಿದವರೂ ಇದ್ದರು. ಬಂದ ಕಪ್ಪುಜನರಲ್ಲಿ ಹೆಂಗಸರು ಬಹಳ ಇದ್ದದ್ದಕ್ಕೆ ಇದೂ ಒಂದು ಕಾರಣ. ಮುಂದೆ ಹಾಡಿನ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಇಲ್ಲೇ ಒಂದು ಘೋರ ಅನ್ಯಾಯ ನಡೆಯಿತು, ಇದನ್ನು ಅವಸರದಲ್ಲಿ ದಾಟಿ ಹೋಗುವಂತಿಲ್ಲ. ಸಾಂ ದೊಮಾಂಗ್‌ನಲ್ಲಿ ಗುಲಾಮಗಿರಿ ರದ್ದಾಗಿ ಹತ್ತು ವರ್ಷವಾಗಿತ್ತು. ಯುದ್ಧದ ನಡುವೆ ಬ್ರಿಟಿಷರು ಹಿಡಿದುಕೊಂಡಿದ್ದ ಜಾಗಗಳಲ್ಲೂ 1798ರಲ್ಲಿ ಅವರು ಕಾಲ್ತೆಗೆದ ಮೇಲೆ ಅದು ಮುಗಿದಿತ್ತು. ಅಂದರೆ 1803ರಲ್ಲಿ ಹಡಗು ಹತ್ತಿದ ಪ್ರತಿ ಕಪ್ಪು ಹೆಂಗಸೂ ಕಾನೂನಿನ ಪ್ರಕಾರ ಸ್ವತಂತ್ರಳು. ಕ್ಯೂಬಾದಲ್ಲಿ ಇಳಿದ ಗಳಿಗೆಯಲ್ಲಿ ಆ ಕಾನೂನು ಗಾಳಿಗೆ ಹೋಯಿತು. ಪಕ್ಕದಲ್ಲಿ ನಿಂತ ಬಿಳಿಯ ‘ಇವಳು ನನ್ನವಳು’ ಎಂದರೆ ಅವಳು ಮತ್ತೆ ಗುಲಾಮಳು. ಅಲ್ಲವೆಂದು ಸಾಧಿಸಲು ಕಾಗದ ಬೇಕು.

ರೊಸಾಲಿ ಎಂಬ ಹೆಂಗಸಿನ ಕಾಗದ ಇತಿಹಾಸದ ದಾಖಲೆಯಲ್ಲಿ ಉಳಿದುಕೊಂಡಿದೆ. ಪಶ್ಚಿಮ ಆಫ್ರಿಕದ ಸೆನೆಗಾಂಬಿಯಾ ಸೀಮೆಯಿಂದ ಸೆರೆಯಾಗಿ ಬಂದವಳು ಆಕೆ, ದಾಖಲೆಗಳಲ್ಲಿ ‘ಪೂಲಾರ್ ಕುಲದ ರೊಸಾಲಿ’ ಎಂದಿದೆ. ಸಾಂ ದೊಮಾಂಗ್‌ನ ದಕ್ಷಿಣದಲ್ಲಿ ಮಿಶೆಲ್ ವಿನ್ಸೆಂಟ್ ಎಂಬ ಫ್ರೆಂಚನ ಜೊತೆ ಅವಳ ಬಾಳುವೆ, ಮಕ್ಕಳಿದ್ದರು. 1803ರ ಮೇ ತಿಂಗಳಲ್ಲಿ, ಊರು ಬಿಡುವ ಹೊತ್ತಿನಲ್ಲಿ, ಆತ ತನ್ನ ಕೈಯಲ್ಲೇ ಒಂದು ಬಿಡುಗಡೆ ಪತ್ರ ಬರೆದ: ರೊಸಾಲಿ ಮತ್ತು ಅವಳ ಮಕ್ಕಳನ್ನು ಗುಲಾಮಗಿರಿಯಿಂದ ಬಿಟ್ಟಿದ್ದೇನೆ ಎಂದು. ಆಗಲೇ ಸ್ವತಂತ್ರರಾಗಿದ್ದವರನ್ನು ‘ಬಿಡುಗಡೆ’ ಮಾಡಲು ಮೊದಲು ಅವರು ತನ್ನ ಗುಲಾಮರೆಂದು ಬರೆಯಬೇಕಾಯಿತು. ಕ್ಯೂಬಾದಲ್ಲಿ ಕೆಲಸಕ್ಕೆ ಬರುವುದು ಅಂಥ ಕಾಗದವೇ ಎಂದು ಅವರಿಗೆ ಗೊತ್ತಿತ್ತು. 1804ರಲ್ಲಿ ಸಾಂತಿಯಾಗೊದಲ್ಲಿ ಅದನ್ನು ಫ್ರೆಂಚ್ ಅಧಿಕಾರಿಗಳ ಮುಂದಿಟ್ಟು ಅಧಿಕೃತ ನಕಲು ಮಾಡಿಸಿದ್ದಾಯಿತು, ಮಿಶೆಲ್ ಅದೇ ಸುಮಾರಿಗೆ ತೀರಿಕೊಂಡ. ಅವಳ ಮಗಳು ಎಲಿಸಬೆತ್ 1809ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋದಳು. ಎಲಿಸಬೆತ್‌ಳ ಮಗ ಎದುವಾರ್ ತಾಂಶಾನ್ 1867–68ರಲ್ಲಿ ಆ ಪಟ್ಟಣವಿರುವ ಲೂಸಿಯಾನ ರಾಜ್ಯದ ಸಂವಿಧಾನ ಸಭೆಯ ಸದಸ್ಯನಾದ. 1899ರಲ್ಲಿ ಬೆಲ್ಜಿಯಮ್ಮಿನಲ್ಲಿ ಸಿಗಾರ್ ವ್ಯಾಪಾರ ಮಾಡುತ್ತಿದ್ದಾಗ ಕ್ಯೂಬಾದ ಸ್ವಾತಂತ್ರ್ಯ ಸೇನಾನಿ ಮಾಕ್ಸಿಮೊ ಗೋಮೆಸ್‌ಗೆ ಪತ್ರ ಬರೆದು ತನ್ನ ಹೈಟಿ ಮೂಲವನ್ನು ಹೇಳಿಕೊಂಡ. ಒಂದು ಮನೆತನ ಮೂರು ತಲೆಮಾರಿನಲ್ಲಿ ನಡೆದ ದಾರಿ ಇದು. ಇಂಥ ಕಾಗದ ಸಿಗದ ಸಾವಿರಾರು ಜನ ಕಾಫಿ ಬೆಟ್ಟ ಹತ್ತಿದರು.

ದಂಗೆಯ ನಾಯಕರಲ್ಲೂ ಒಬ್ಬರು ಕ್ಯೂಬಾದ ಬಾಗಿಲಿಗೆ ಬಂದಿದ್ದರು. ಸ್ಪೇನಿನ ಪರ ಹೋರಾಡಿದ್ದ ಕಪ್ಪು ದಂಡನಾಯಕ ಜಾಂ ಫ್ರಾನ್ಸ್ವಾ, 1795ರಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ನಡುವೆ ಬಾಸೆಲ್ ಶಾಂತಿ ಒಪ್ಪಂದವಾದ ಮೇಲೆ ತನ್ನವರ ಜೊತೆ 1796ರ ಆರಂಭದಲ್ಲಿ ಹವಾನಾಗೆ ಬಂದ. ಕ್ಯೂಬಾದ ಕ್ಯಾಪ್ಟನ್ ಜನರಲ್ ಲಾಸ್ ಕಾಸಾಸ್ ಅವರಿಗೆ ನೆಲೆ ಕೊಡಲು ಒಪ್ಪಲಿಲ್ಲ. ಆತ ಸ್ಪೇನಿನ ಕಾದಿಸ್‌ಗೆ ಹೋಗಬೇಕಾಯಿತು. ಯಾರನ್ನು ‘ನಿರಾಶ್ರಿತ’ ಎಂದು ಒಳಗೆ ಬಿಡಬೇಕು, ಯಾರನ್ನು ಅಪಾಯ ಎಂದು ತಡೆಯಬೇಕು ಎಂಬುದನ್ನು ಅಂದಿನ ಅಧಿಕಾರ ಹೀಗೆ ಬಣ್ಣ ನೋಡಿ ತೀರ್ಮಾನಿಸುತ್ತಿತ್ತು.

ಈಗ ಕಾಫಿ. 1748ರ ಹೊತ್ತಿಗೇ ಹವಾನಾದ ಬಳಿ ಕಾಫಿ ಗಿಡ ಬಂದಿತ್ತು, ಆದರೆ ಹಿತ್ತಲ ಬೆಳೆಯ ಮಟ್ಟದಲ್ಲಿ. ಸಾಂ ದೊಮಾಂಗ್‌ನವರು ಸಕ್ಕರೆಗೆ ಹೋಗದೆ ಕಾಫಿಗೆ ಕೈಹಾಕಿದ್ದು ಲೆಕ್ಕಾಚಾರದಿಂದಲೇ. ಸಕ್ಕರೆಗೆ ಬಯಲು ಜಮೀನು, ಗಾಣ, ಕುದಿಸುವ ಕಡಾಯಿಗಳು, ನೂರಾರು ಆಳುಗಳು, ಎಲ್ಲವೂ ಮೊದಲ ದಿನದಿಂದಲೇ ಬೇಕು. ಕಾಫಿಯನ್ನು ಹತ್ತಾರು ಆಳುಗಳಿಂದ ಶುರು ಮಾಡಿ ವರ್ಷವರ್ಷಕ್ಕೆ ಬೆಳೆಸಬಹುದು. ಸಿಯೆರ್ರಾ ಮಾಯೆಸ್ತ್ರಾ ಬೆಟ್ಟಗಳು ಆಗ ಯಾರಿಗೂ ಬೇಡದ ಕಾಡು, ಕೈಗೆಟುಕುವ ಬೆಲೆ. ಸಾಂತಿಯಾಗೊದ ವ್ಯಾಪಾರಿ ಪ್ರುದೆನ್ಸಿಯೊ ಕಾಸಮಯೋರ್ ಅಲ್ಲಿ ದೊಡ್ಡ ಜಮೀನುಗಳನ್ನು ಹಿಡಿದು ತುಂಡು ಮಾಡಿ ಬಂದವರಿಗೆ ಮಾರಿದ. ಸಾಂ ದೊಮಾಂಗ್ ಬಿದ್ದದ್ದರಿಂದ ಯುರೋಪಿನಲ್ಲಿ ಕಾಫಿಗೆ ಬೆಲೆ ಏರಿತ್ತು. ತಾವು ಕಳೆದುಕೊಂಡ ಮಾರುಕಟ್ಟೆಯನ್ನು ಅವರು ಆಚೆ ದಡದಿಂದ ತುಂಬಲು ಹೊರಟರು.

ಮಲೆನಾಡು, ಕೊಡಗಿನವರಿಗೆ ಅವರ ಸಂಸ್ಕರಣೆ ಹೊಸದೆನಿಸದು. ಹಣ್ಣು ಬಿಡಿಸಿ ಪಲ್ಪ್ ಮಾಡಿ ಸಿಪ್ಪೆ ತೆಗೆಯುವುದು, ಲೋಳೆ ಬಿಡಲು ತೊಟ್ಟಿಯಲ್ಲಿ ಹುದುಗಿಸುವುದು, ಹರಿವ ನೀರಿನಲ್ಲಿ ತೊಳೆಯುವುದು, ಕಣದಲ್ಲಿ ಒಣಗಿಸುವುದು. ಹುದುಗು ಕಡಿಮೆಯಾದರೆ ಲೋಳೆ ಉಳಿದು ಕಣದಲ್ಲಿ ಬೂಷ್ಟು ಹಿಡಿಯುತ್ತದೆ, ಹೆಚ್ಚಾದರೆ ಬೀಜಕ್ಕೆ ಹುಳಿ ವಾಸನೆ ಏರಿ ಬೆಲೆ ಬಿದ್ದುಹೋಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಚಳಿಗೆ ಹುದುಗು ನಿಧಾನ, ಆದ್ದರಿಂದ ಗಂಟೆ ಲೆಕ್ಕ ನಂಬದೆ ಕೈಯಲ್ಲಿ ಉಜ್ಜಿ ನೋಡಬೇಕು, ಬೀಜ ಗರಗರ ಎನ್ನಬೇಕು. ಕಣಗಳನ್ನು ಕಲ್ಲು, ಸುಣ್ಣದ ಗಾರೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು, ಮಳೆನೀರು ನಿಲ್ಲದಂತೆ ಓಟ ಕೊಟ್ಟು. ಗ್ರಾನ್ ಪಿಯೆದ್ರಾ ಎಂಬ 1,200 ಮೀಟರ್‌ಗೂ ಎತ್ತರದ ಬೆಟ್ಟದ ಬಳಿ ಮಧ್ಯಾಹ್ನವೇ ಮಂಜು ಇಳಿಯುತ್ತದೆ. ಹಾಗಾಗಿ ಬೀಜವನ್ನು ಹೊತ್ತಿಗೆ ಸರಿಯಾಗಿ ಗುಡ್ಡೆ ಮಾಡಿ ಮುಚ್ಚದಿದ್ದರೆ ನಾಲ್ಕು ದಿನದ ಬಿಸಿಲು ವ್ಯರ್ಥ.

ಒಣಗಿದ ಮೇಲೆ ಹೊಟ್ಟು ಬಿಡಿಸಲು ತಾಓನಾ ಎಂಬ ಗಾಣ. ದುಂಡಗಿನ ಕಲ್ಲಿನ ಕಾಲುವೆ, ನಡುವೆ ನೆಟ್ಟ ಕಂಬ, ಆ ಕಂಬಕ್ಕೆ ಅಡ್ಡತೊಲೆ, ತೊಲೆಗೆ ಸಿಕ್ಕಿಸಿದ ಭಾರದ ಮರದ ಚಕ್ರ ನಿಂತುಕೊಂಡೇ ಕಾಲುವೆಯೊಳಗೆ ಉರುಳುತ್ತದೆ. ಹೇಸರಗತ್ತೆ ಸುತ್ತುತ್ತಿದ್ದರೆ ಚಕ್ರದಡಿ ಪಾರ್ಚ್‌ಮೆಂಟ್, ಅಂದರೆ ಬೀಜದ ಮೇಲಿನ ಒಣ ಹೊಟ್ಟು, ಒಡೆದು ಬೀಜ ಹೊರಬರುತ್ತದೆ. ಬೀಜ ಹಸಿಯಿದ್ದರೆ ಅಪ್ಪಚ್ಚಿಯಾಗುತ್ತದೆ, ತೀರಾ ಒಣಗಿದ್ದರೆ ನುಚ್ಚು. ಆಮೇಲೆ ತೂರಿ, ಹೆಂಗಸರು ಮೇಜಿನ ಮೇಲೆ ಆರಿಸಿ, ಚೀಲ ಕಟ್ಟಿ ಹೇಸರಗತ್ತೆಗಳ ಮೇಲೆ ಸಾಂತಿಯಾಗೊಗೆ ಸಾಗಿಸುತ್ತಿದ್ದರು. ಇಷ್ಟಕ್ಕೂ ಬೇಕಾದ ಕಲ್ಲುಗಾಲುವೆ, ಸೇತುವೆ, ತೊಟ್ಟಿ, ಬೆಟ್ಟದ ರಸ್ತೆ ಎಲ್ಲವನ್ನೂ ಕಟ್ಟಿದ ಕೈಗಳು ಗುಲಾಮರವು. ಒಡೆಯನ ಮನೆ ಮಾತ್ರ ಮೇಲಂತಸ್ತಿನಲ್ಲಿ, ಕಣ ಕಣ್ಣಿಗೆ ಬೀಳುವಂತೆ. ಕೆಳಗೆ ಉಗ್ರಾಣ. ಗ್ರಾನ್ ಪಿಯೆದ್ರಾ ಬಳಿಯ ಲಾ ಇಸಾಬೆಲಿಕಾ ತೋಟ ಈಗ ವಸ್ತುಸಂಗ್ರಹಾಲಯವಾಗಿದೆ, ಈ ವ್ಯವಸ್ಥೆಯನ್ನು ಅಲ್ಲಿ ಕಾಣಬಹುದು. ಆಗ್ನೇಯ ಕ್ಯೂಬಾದ ಇಂಥ 171 ಹಳೆಯ ತೋಟಗಳ ಅವಶೇಷಗಳನ್ನು 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಶ್ಚಿಮದಲ್ಲೂ ಈ ಅಲೆ ಮುಟ್ಟಿತು. ಹವಾನಾದ ಆಚೆ ಅರ್ತೆಮಿಸಾ ಬಳಿ 1813ರಲ್ಲಿ ಶುರುವಾದ ಅಂಗೆರೋನಾ ತೋಟದ ಒಡೆಯ ಜರ್ಮನ್, ಕೊರ್ನೇಲಿಯೊ ಸೂಶೇ. ಅದರ ವ್ಯವಹಾರದಲ್ಲಿ ಅವನ ಬಲಗೈಯಾಗಿದ್ದವಳು ಹೈಟಿಯಿಂದ ಬಂದ ಸ್ವತಂತ್ರ ಕಪ್ಪು ಹೆಂಗಸು ಉರ್ಸುಲಾ ಲಂಬೆರ್. ಅಲ್ಲಿ ದುಡಿದ ಗುಲಾಮರು ನಾನೂರಕ್ಕೂ ಹೆಚ್ಚು. ಕಪ್ಪುಜನ ಒಂದು ಕಡೆ, ಬಿಳಿಯರು ಒಂದು ಕಡೆ ಎಂದು ಗೆರೆ ಎಳೆದುಬಿಟ್ಟರೆ ಈ ಚರಿತ್ರೆ ಅರ್ಥವಾಗುವುದಿಲ್ಲ. 1827ರಲ್ಲಿ ಕ್ಯೂಬಾದಲ್ಲಿ 2,067 ಕಾಫಿ ತೋಟಗಳಿದ್ದವು. ಮುಂದಿನ ಇಪ್ಪತ್ತು ವರ್ಷದಲ್ಲಿ ಬ್ರೆಜಿಲ್‌ನ ಅಗ್ಗದ ಕಾಫಿ, ಜೊತೆಗೆ 1844 ಮತ್ತು 1846ರ ಚಂಡಮಾರುತಗಳು ಪಶ್ಚಿಮದ ತೋಟಗಳನ್ನು ಮುಗಿಸಿದವು, ಜಮೀನು ಕಬ್ಬಿಗೆ ಹೋಯಿತು. ಪೂರ್ವದ ಬೆಟ್ಟಗಳಲ್ಲಿ ಮಾತ್ರ ಕಾಫಿ ಉಳಿಯಿತು.

ನಡುವೆ 1809ರ ಗಡೀಪಾರು. 1808ರಲ್ಲಿ ನೆಪೋಲಿಯನ್ ಸ್ಪೇನನ್ನು ಆಕ್ರಮಿಸಿದ್ದೇ ತಡ, ಕ್ಯೂಬಾದ ಫ್ರೆಂಚರೆಲ್ಲ ಶತ್ರುಗಳಾದರು. ಮರುವರ್ಷ ಅವರನ್ನು ಹೊರಹಾಕುವ ಆದೇಶ ಬಂತು. ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷಕ್ಕೆ ಫಸಲು. ಅಂದರೆ 1804ರಲ್ಲಿ ನೆಟ್ಟವರಿಗೆ ಆದಾಯ ಆಗಷ್ಟೇ ಕಣ್ಣಿಗೆ ಬೀಳುತ್ತಿತ್ತು. 1809ರ ಮೇ ತಿಂಗಳಿಂದ 1810ರ ಜನವರಿಯವರೆಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿದವರನ್ನು ಅಲ್ಲಿನ ಮೇಯರ್ ಎಣಿಸಿಟ್ಟ: 2,731 ಬಿಳಿಯರು, 3,102 ಸ್ವತಂತ್ರ ಕಪ್ಪು ಮತ್ತು ಮಿಶ್ರವರ್ಣೀಯರು, 3,226 ಗುಲಾಮರು, ಒಟ್ಟು 9,059. ಮೂರೂ ಗುಂಪುಗಳು ಹೇಗೆ ಹೆಚ್ಚುಕಡಿಮೆ ಸಮನಾಗಿವೆ ನೋಡಿ, ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಅಂಕಿಗಳಲ್ಲಿ ಸಿಗದು. ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ಇವರಿಗಾಗಿ ಅಲ್ಲಿನ ಸಂಸತ್ತು ವಿನಾಯಿತಿ ಕೊಟ್ಟಿತು. ನ್ಯೂ ಆರ್ಲಿಯನ್ಸ್‌ನ ಕಥೆ ಪ್ರತ್ಯೇಕವಾಗಿ ಬರೆಯುವಷ್ಟು ದೊಡ್ಡದು, ಇಲ್ಲಿಗೆ ಬಿಡುತ್ತೇನೆ. ಸ್ಪೇನಿನ ಪ್ರಜೆಗಳಾಗಿ ಪ್ರಮಾಣ ಮಾಡಿದವರು, ಸ್ಥಳೀಯರನ್ನು ಮದುವೆಯಾದವರು, ಬೆಟ್ಟದೊಳಗೆ ಸೇರಿಕೊಂಡವರು ಕ್ಯೂಬಾದಲ್ಲೇ ಉಳಿದರು. ಯುದ್ಧ ಮುಗಿದ ಮೇಲೆ ಕೆಲವರು ಹಿಂದಿರುಗಿದರು. ಸಾಂತಿಯಾಗೊದ ತಿವೊಲಿ ಬಡಾವಣೆ ಅವರದ್ದು. ಕಾರ್ಲ್ ಮಾರ್ಕ್ಸ್‌ನ ಅಳಿಯ ಪಾಲ್ ಲಫಾರ್ಗ್ 1842ರಲ್ಲಿ ಹುಟ್ಟಿದ್ದು ಇದೇ ಸಾಂತಿಯಾಗೊದಲ್ಲಿ, ಅವನ ತಂದೆಯ ತಾಯಿ ಸಾಂ ದೊಮಾಂಗ್‌ನಿಂದ ಬಂದ ಮಿಶ್ರವರ್ಣೀಯ ಹೆಂಗಸು.

ಈಗ ನೀವು ಕೇಳಿದ ಮದ್ದಳೆಗೆ ಬರೋಣ. ಈ ಕಲೆಯ ಹೆಸರು ತೂಂಬಾ ಫ್ರಾನ್ಸೇಸಾ. ಹೆಸರಲ್ಲಿ ಫ್ರೆಂಚ್ ಇದ್ದರೂ ಬಾರಿಸಿದವರು, ಹಾಡಿದವರು ಕಾಫಿ ತೋಟದ ಆಳುಗಳು ಮತ್ತು ಅವರ ಸಂತತಿ. ಮರದ ದಿಮ್ಮಿ ಕೊರೆದು ಮಾಡಿದ ಎತ್ತರದ ಮದ್ದಳೆಗಳು, ಚರ್ಮವನ್ನು ಬಿಗಿಹಿಡಿಯಲು ಮರದ ಗೂಟಗಳು. ದೊಡ್ಡದಕ್ಕೆ ಪ್ರೆಮಿಯೇ ಎಂದು ಹೆಸರು, ಮಾತಾಡುವುದು, ಜಗಳ ತೆಗೆಯುವುದು, ಕುಣಿಯುವವನನ್ನು ಕೆಣಕುವುದು ಅದರ ಕೆಲಸ. ಚಿಕ್ಕವು ಬುಲಾ, ಅವು ನಡೆ ತಪ್ಪದೆ ಒಂದೇ ಸಮ ನುಡಿಯುತ್ತವೆ. ಕತಾ ಎಂಬುದು ಅಡ್ಡ ಇಟ್ಟ ಟೊಳ್ಳು ಮರದ ಕೊರಡು, ಎರಡು ಕೋಲುಗಳಿಂದ ಹೊಡೆಯುವುದು. ಚರ್ಮವೇ ಇಲ್ಲದ ಈ ಕೊರಡೇ ಇಡೀ ಮೇಳಕ್ಕೆ ಕಾಲ ಹಿಡಿಯುತ್ತದೆ. ಹೆಂಗಸರ ಕೈಯಲ್ಲಿ ಬಣ್ಣದ ರಿಬ್ಬನ್ ಕಟ್ಟಿದ ತಗಡಿನ ಗಿಲಕಿಗಳು, ಅವಕ್ಕೆ ಚಾಚಾ ಎನ್ನುತ್ತಾರೆ.

ಮೊದಲು ಕೊಂಪೊಸೇ, ಅಂದರೆ ಮುಂದಾಳು ಗಾಯಕ ಅಥವಾ ಗಾಯಕಿ, ಒಬ್ಬರೇ ಕ್ರೆಯೋಲ್ ಎಂಬ, ಫ್ರೆಂಚಿನಿಂದ ಹುಟ್ಟಿದ ಹೈಟಿಯ ಆಡುಭಾಷೆಯಲ್ಲಿ ಹಾಡೆತ್ತುತ್ತಾರೆ. ಊರಿನ ಸುದ್ದಿ, ಹೊಗಳಿಕೆ, ಚುಚ್ಚುಮಾತು ಎಲ್ಲವೂ ಅದರೊಳಗೆ. ಕತಾ ಸೇರುತ್ತದೆ, ಹೆಂಗಸರ ಮೇಳ ಪಲ್ಲವಿ ಹಿಡಿಯುತ್ತದೆ, ಬುಲಾ ಕೂಡುತ್ತದೆ, ಆಮೇಲೆ ಪ್ರೆಮಿಯೇ. ಕುಣಿತವನ್ನು ಆಳಲು ‘ಮಾಯೊರ್ ದೆ ಪ್ಲಾಸಾ’ ಎಂಬ ಮೇಸ್ತ್ರಿ ಇರುತ್ತಾನೆ. ಮಾಸೋನ್ ಎಂಬ ಕುಣಿತದಲ್ಲಿ ಜೋಡಿಗಳು ಫ್ರೆಂಚ್ ದರ್ಬಾರಿನ ಶೈಲಿಯಲ್ಲಿ ಕೈಹಿಡಿದು, ಬಾಗಿ, ಸಾಲುಗಟ್ಟಿ ನಡೆಯುತ್ತವೆ. ಹೆಂಗಸರಿಗೆ ನೆಲಕ್ಕೆ ತಾಗುವ ಲಂಗ. ಯೂಬಾ ಬಿರುಸು, ಅಲ್ಲೇ ಹೊಳೆದಂತೆ ಹೆಜ್ಜೆ. ಯೂಬಾದ ಕೊನೆಗೆ ಫ್ರೆಂತೇ ಬರುತ್ತದೆ. ಹೆಂಗಸು ಹಿಂದೆ ಸರಿಯುತ್ತಾಳೆ, ಗಂಡಸು ಒಬ್ಬನೇ ಪ್ರೆಮಿಯೇ ಎದುರು ನಿಲ್ಲುತ್ತಾನೆ. ಅವನ ಹೆಜ್ಜೆಗೆ ಮದ್ದಳೆಗಾರ ಉತ್ತರಿಸಬೇಕು, ಮದ್ದಳೆಯ ಪೆಟ್ಟಿಗೆ ಅವನು ಉತ್ತರಿಸಬೇಕು. ಮೆಚ್ಚಿದವರು ಬಂದು ಅವನ ಮೈಗೆ ಬಣ್ಣದ ಕರವಸ್ತ್ರ ಕಟ್ಟುತ್ತಾರೆ.

ಮಾಸೋನ್ ಎಂದರೆ ಆಳುಗಳು ಒಡೆಯರನ್ನು ಅಣಕಿಸಿದ್ದು ಎಂದು ಬಹಳ ಕಡೆ ಬರೆದಿರುತ್ತಾರೆ. ಇದು ಅರ್ಧ ಮಾತು ಎಂದೇ ನನಗನ್ನಿಸುತ್ತದೆ. ಅಣಕ ಒಂದು ತಲೆಮಾರು ನಡೆದೀತು. ರಾಜ, ರಾಣಿ, ಮೇಸ್ತ್ರಿ ಎಂಬ ಪದವಿಗಳಿಟ್ಟು, ಚಂದಾ ಎತ್ತಿ, ಕಾಯಿಲೆ ಬಿದ್ದವರಿಗೆ ನೆರವಾಗಿ, ಸತ್ತವರ ಮಣ್ಣಿಗೆ ಖರ್ಚು ಕೊಟ್ಟು ನಡೆಸಿದ ಸಂಘಗಳು ಇವು. ಸಾಂತಿಯಾಗೊದ ಸಂಘ 1862ರದ್ದು, ಆಗಿನ ಹೆಸರು ಲಫಾಯೆತ್, ಈಗ ಲಾ ಕಾರಿದಾದ್ ದೆ ಒರಿಯೆಂತೆ. ಕ್ಯೂಬಾದಲ್ಲಿ ಗುಲಾಮಗಿರಿ ಪೂರ್ತಿ ರದ್ದಾದದ್ದು 1886ರಲ್ಲಿ. ಅಂದರೆ ಜನ ಇನ್ನೂ ಗುಲಾಮರಾಗಿದ್ದಾಗಲೇ ಈ ಸಂಘ ಹುಟ್ಟಿತು. ಒಡೆಯನ ಜಗಲಿಯಲ್ಲಿ ಕಂಡ ಮರ್ಯಾದೆಯ ಕುಣಿತವನ್ನು ಅವರು ತಮ್ಮದೇ ಮರ್ಯಾದೆಗಾಗಿ ಎತ್ತಿಕೊಂಡರು ಎಂದರೆ ಹೆಚ್ಚು ಸರಿ. ಇಡೀ ಕಲೆ ಹೆಂಗಸರ ಹಾಡಿನ ಮೇಲೆ ನಿಂತಿರುವುದಕ್ಕೂ, 1803ರಲ್ಲಿ ಇಳಿದವರಲ್ಲಿ ಹೆಂಗಸರು ಬಹಳ ಇದ್ದದ್ದಕ್ಕೂ ಸಂಬಂಧವಿದೆ ಎಂದು ನನ್ನ ಊಹೆ.

ಮಾಸೋನ್‌ನಲ್ಲಿ ಕತಾ ನುಡಿಸುವ ನಡೆಗೆ ಸಂಗೀತಗಾರರು ಸಿಂಕೀಯೊ ಎನ್ನುತ್ತಾರೆ, ಐದು ಪೆಟ್ಟಿನ ನಡೆ. ಕನ್ನಡ ಛಂದಸ್ಸು ಬಲ್ಲವರಿಗೆ ಇದು ತಟ್ಟನೆ ಹಿಡಿಸುತ್ತದೆ: ಗುರು, ಲಘು, ಗುರು, ಲಘು, ಗುರು. ಎರಡು, ಒಂದು, ಎರಡು, ಒಂದು, ಎರಡು, ಒಟ್ಟು 8 ಮಾತ್ರೆ. ತಪ್ಪುವುದು ಮೂರನೇ ಪೆಟ್ಟಿನಲ್ಲಿ. ಎಂಟನ್ನು ನಾಲ್ಕು ನಾಲ್ಕಾಗಿ ಎಣಿಸಿ ಅಭ್ಯಾಸವಾದ ಕೈ ಐದನೇ ಮಾತ್ರೆಗೆ ಬಡಿಯಲು ಹೋಗುತ್ತದೆ, ಆದರೆ ಅಲ್ಲಿ ಪೆಟ್ಟಿಲ್ಲ. ಪೆಟ್ಟು ಬೀಳುವುದು 1, 3, 4, 6, 7ರಲ್ಲಿ. ಕಾಲಿನಲ್ಲಿ 1 ಮತ್ತು 5 ತಟ್ಟುತ್ತ, ಕೈಯಲ್ಲಿ ಈ ಐದನ್ನು ನಿಧಾನವಾಗಿ ಹೊಡೆದು ನೋಡಿ. ಐದರಲ್ಲಿ ಕಾಲು ಮಾತ್ರ ಬಿದ್ದು ಕೈ ಗಾಳಿಯಲ್ಲಿ ನಿಂತಾಗ ಹುಟ್ಟುವ ಎಳೆತವೇ ಕ್ಯೂಬಾದ ಎಷ್ಟೋ ಸಂಗೀತದ ಜೀವ.

ಈ ನಡೆ ಮುಂದೆ ದೂರ ಹೋಯಿತು. 19ನೇ ಶತಮಾನದ ಮೊದಲ ಅರ್ಧದಲ್ಲಿ ಸಾಂತಿಯಾಗೊದಲ್ಲಿದ್ದ ಕತಲಾನ್ ಬ್ಯಾಂಡ್ ಮಾಸ್ತರ ಕಾಸಮಿತ್ಹಾನಾ, ಬೀದಿಯಲ್ಲಿ ಕೇಳಿದ ಕೊಕೊಯೇ ಎಂಬ ಹಾಡನ್ನು ಸೈನ್ಯದ ಬ್ಯಾಂಡಿಗೆ ಹೊಂದಿಸಿದ. ಗುಲಾಮರ ನಡೆ ಹೀಗೆ ಗಣ್ಯರ ಕಿವಿಗೆ ಬಿತ್ತು. 1879ರ ಜನವರಿ 1ರಂದು ಮತಾಂಸಾಸ್ ಪಟ್ಟಣದಲ್ಲಿ ಮಿಗೆಲ್ ಫೈಲ್ದೆ ನುಡಿಸಿದ ದಾನ್‌ಸೋನ್ ಎಂಬ ಜೋಡಿಕುಣಿತದ ಸಂಗೀತದ ತಾಳವಾದ್ಯದಲ್ಲಿ ಒಂದು ಆವರ್ತ ಸಿಂಕೀಯೊ, ಮುಂದಿನದು ಸಮ ಪೆಟ್ಟು, ಹೀಗೆ ಸರದಿ. ದಾನ್‌ಸೋನ್‌ನ ಮನೆಯಿಂದಲೇ 1950ರ ದಶಕದಲ್ಲಿ ಚಾ-ಚಾ-ಚಾ ಕುಣಿತ ಹೊರಟಿತು.

ಆದರೆ ಇಲ್ಲಿ ಎಚ್ಚರ ಬೇಕು. ಸಿಂಕೀಯೊವನ್ನು ಕ್ಯೂಬಾಗೆ ತಂದವರು ಸಾಂ ದೊಮಾಂಗ್‌ನವರು ಮಾತ್ರ, ಕಾಂತ್ರದಾನ್ಸಾ ಎಂಬ ಜೋಡಿಕುಣಿತ ಅವರಿಂದಲೇ ಬಂತು ಎಂದು ಸಾರಾಸಗಟಾಗಿ ಹೇಳುವುದುಂಟು. ಕಾಲ ಹೊಂದುವುದಿಲ್ಲ. ಅಚ್ಚಾದ ಮೊದಲ ಕ್ಯೂಬನ್ ಕಾಂತ್ರದಾನ್ಸಾಗಳಲ್ಲಿ ಒಂದಾದ ಸಾನ್ ಪಾಸ್ಕ್ವಾಲ್ ಬೈಲೋನ್ 1803ರದ್ದು, ಅದೂ ಹವಾನಾದ್ದು. ಸಾಂತಿಯಾಗೊದಲ್ಲಿ ಜನ ಆಗಷ್ಟೇ ಹಡಗಿಳಿಯುತ್ತಿದ್ದರು. ಸ್ಪೇನಿನ ಮೂಲಕವೂ ಈ ಕುಣಿತ ಬಂದಿತ್ತು. ಐದು ಪೆಟ್ಟಿನ ನಡೆ ಪೋರ್ಟೊರಿಕೊ, ಮಾರ್ಟಿನಿಕ್‌ನಲ್ಲೂ ಇದೆ, ಬೇರು ಆಫ್ರಿಕದ್ದು. ಸಾಂ ದೊಮಾಂಗ್‌ನವರು ಮಾಡಿದ್ದೆಂದರೆ ಪೂರ್ವ ಕ್ಯೂಬಾದಲ್ಲಿ ಈ ನಡೆಯನ್ನು ಸಂಘ ಕಟ್ಟಿ, ಹಾಡು ಕಟ್ಟಿ, ಗಟ್ಟಿಯಾಗಿ ಊರಿಸಿದ್ದು. ಅಷ್ಟೇ ದೊಡ್ಡ ಮಾತು, ಅದಕ್ಕೆ ಉಬ್ಬಿಸಿ ಹೇಳುವ ಅಗತ್ಯವಿಲ್ಲ.

ಸಂಸ್ಕೃತಿ ಎಂದರೆ ಹಾಡು, ಕಾಫಿ ಮಾತ್ರ ಅಲ್ಲವಲ್ಲ. ಕ್ಯೂಬಾದ ಸಕ್ಕರೆ ಧಣಿಗಳ ಪರವಾಗಿ ಮ್ಯಾಡ್ರಿಡ್‌ನಲ್ಲಿದ್ದ ಅರಾಂಗೊ ಇ ಪಾರ್ರೆನ್ಯೊ, ದಂಗೆಯ ಸುದ್ದಿ ಬಂದ ಕೂಡಲೇ ‘ಈಗ ನಮ್ಮ ಸರದಿ’ ಎಂಬ ಧಾಟಿಯಲ್ಲಿ ವಾದ ಹೂಡಿದ. 1790ರಿಂದ 1820ರ ನಡುವೆ 3 ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಕ್ಯೂಬಾಗೆ ಸಾಗಿಸಿದರು. ಹೈಟಿಯ ಬಿಡುಗಡೆ ಪಕ್ಕದ ದ್ವೀಪದ ಸಂಕೋಲೆಯನ್ನು ಬಿಗಿಗೊಳಿಸಿದ್ದು ಹೀಗೆ. ಅದೇ ಹೊತ್ತಿಗೆ ಬಿಡುಗಡೆಯ ಆಸೆಯೂ ದಾಟಿತು. ಹವಾನಾದ ಸ್ವತಂತ್ರ ಕಪ್ಪು ಬಡಗಿ ಹೊಸೇ ಆಂತೊನಿಯೊ ಅಪೊಂತೆಯ ಬಳಿ ಅವನೇ ಮಾಡಿದ ಚಿತ್ರಗಳ ಪುಸ್ತಕವಿತ್ತು, ಹೈಟಿಯ ನಾಯಕರ ಭಾವಚಿತ್ರಗಳೂ ಅವನಲ್ಲಿದ್ದವು ಎಂದು ವಿಚಾರಣೆಯಲ್ಲಿ ಹೊರಬಂತು. ಗುಲಾಮರ ದಂಗೆಗೆ ಸಂಚು ಹೂಡಿದನೆಂದು 1812ರ ಏಪ್ರಿಲ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು.

ಕೊನೆಯದಾಗಿ, ಈಗ ಉಳಿದಿರುವುದೇನು ಎಂದಿರಿ. ತೂಂಬಾ ಫ್ರಾನ್ಸೇಸಾವನ್ನು ಯುನೆಸ್ಕೊ 2003ರಲ್ಲಿ ಗುರುತಿಸಿ 2008ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೂರು ಮೇಳಗಳಿವೆ: ಸಾಂತಿಯಾಗೊದ್ದು, ಗ್ವಾಂಟಾನಮೊದ ಸಾಂತಾ ಕತಲಿನಾ ದೆ ರಿಚ್ಚಿ, ಮತ್ತು ಓಲ್ಗೀನ್ ಪ್ರಾಂತ್ಯದ ಸಾಗ್ವಾ ದೆ ತಾನಮೊ ಬಳಿಯ ಬೆಹೂಕೊ. ಅಮೆರಿಕದ ಸೆರೆಮನೆಯಿಂದಷ್ಟೇ ನಮಗೆ ಪರಿಚಿತವಾದ ಗ್ವಾಂಟಾನಮೊ ಕ್ಯೂಬನ್ನರಿಗೆ ಈ ಮದ್ದಳೆಯ ಊರು ಕೂಡ. ಅಂತರ್ಜಾಲದಲ್ಲಿ ವೀಡಿಯೊ ಹುಡುಕುವಾಗ ಒಂದು ಗೊಂದಲ ಖಂಡಿತ ಎದುರಾಗುತ್ತದೆ. 1913ರಿಂದ 1930ರ ದಶಕದವರೆಗೆ ಕಬ್ಬು ಕಡಿಯಲು ಹೈಟಿಯಿಂದ ಅಪಾರ ಕೂಲಿಗಳು ಕ್ಯೂಬಾಗೆ ಬಂದರು. ಗಗಾ ಎಂಬ ಬೀದಿ ಮೆರವಣಿಗೆ, ಆಫ್ರಿಕ ಮೂಲದ ವೊದೂ ಪೂಜೆ, ಇಂದಿಗೂ ಮಾತಾಡುವ ಕ್ರೆಯೋಲ್ ಹೆಚ್ಚಾಗಿ ಈ ಎರಡನೇ ವಲಸೆಯದ್ದು. ಕಮಾಗ್ವೆಯ ದೆಸಾಂದಾನ್ ಗಾಯನ ಮೇಳದವರೂ ಹೈಟಿ ವಲಸಿಗರ ವಂಶಸ್ಥರೇ. ಹಾಗಾಗಿ ಪೂರ್ವ ಕ್ಯೂಬಾದವರ ಹೆಸರಿಗೆ ಫ್ರೆಂಚ್ ಅಡ್ಡಹೆಸರು ಅಂಟಿರುವುದನ್ನು ನೋಡಿ 1803ಕ್ಕೆ ನೇರ ಗೆರೆ ಎಳೆಯಬೇಡಿ, ಯಾವ ಅಲೆಯೆಂದು ಮನೆತನದ ದಾಖಲೆಯೇ ಹೇಳಬೇಕು. ವೀಡಿಯೊದಲ್ಲಿ ಮಾತ್ರ ಗುರುತಿಸುವುದು ಸುಲಭ: ಬಿದಿರಿನ ಕಹಳೆ ಊದುತ್ತ ಬೀದಿಯಲ್ಲಿ ಸಾಗಿದರೆ ಗಗಾ, ಕೋಣೆಯೊಳಗೆ ಅಡ್ಡ ಇಟ್ಟ ಕೊರಡು, ಉದ್ದ ಲಂಗ, ಎದುರಿಗೆ ಎತ್ತರದ ಮದ್ದಳೆಗಳಿದ್ದರೆ ಅದು ಕಾಫಿ ಬೆಟ್ಟದಿಂದ ಇಳಿದು ಬಂದ ತೂಂಬಾ.